ಮೊದಲ ಗಾಡಿಗೆ, ಆಮ್ಯಾಲೆ ಮೈಗೆ

ಫಕ್ಕೀರಪ್ಪ ಕಾಕಾನ ಎದೆಯ ಮೇಲೆ ಎರಡು ಪದಗಳ ಹಚ್ಚೆ ಇತ್ತು. ಅದನ್ನು ಓದಲು ಯಾರಿಗೂ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಆತ ಅಂಗಿಯ ಗುಂಡಿ ಬಿಚ್ಚಿ ಕುಳಿತಾಗ ಗಿರಾಕಿಗಳು ಕತ್ತು ವಾಲಿಸಿ ನೋಡುವರು. ಒಬ್ಬ ತೆಲುಗು ಎಂದ. ಇನ್ನೊಬ್ಬ ಯಾವುದೋ ಮಂತ್ರವೆಂದು ಕೈ ಮುಗಿದ. ಆಗ ಬಿ.ಎಸ್ಸಿ. ಓದುತ್ತಿದ್ದ ನಾನು, ಹಳಗನ್ನಡ ಇರಬೇಕೆಂದು ಸುಮ್ಮನಾಗಿದ್ದೆ.

ಒಂದು ದಿನ ಆತ ಅಂಗಡಿಯ ಗೋಡೆಗನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದ. ಕನ್ನಡಿಯೊಳಗೆ ಅಕ್ಷರಗಳು ಸೀದಾ ನಿಂತಿದ್ದವು: ವಿಚಾರ ಮಾಡು.

“ಉಲ್ಟಾ ಯಾಕ ಬರಸೀರಿ ಕಾಕಾ?” ಎಂದು ಕೇಳಿದೆ.

“ಆಂಬುಲೆನ್ಸ್ ಮುಂದ ಬರದದ್ದು ನೋಡಿಯಿಲ್ಲ? ಅದೂ ಉಲ್ಟಾನ ಇರತೈತಿ. ಯಾರು ಓದಬೇಕೋ ಅವರಿಗೆ ಸೀದಾ ಕಾಣಬೇಕು ತಂಗಿ. ಇದು ಮಂದಿಗೆ ಅಲ್ಲ, ನನಗ.”

ನಾನು ಬಹಳ ದಿನ ಅದನ್ನು ನಂಬಿದ್ದೆ.

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಆತನ ಅಂಗಡಿ. ಫಲಕದ ಮೇಲೆ ನಂಬರ್ ಪ್ಲೇಟ್, ಸ್ಟಿಕರ್, ಟ್ಯಾಟೂ ಎಂದು ಮೂರು ಸಾಲು. ಮೊದಲ ಎರಡು ಕೆಲಸಗಳಲ್ಲಿ ಆತನ ಹೊಟ್ಟೆ ತುಂಬುತ್ತಿತ್ತು. ಮೂರನೆಯದನ್ನು ಆತ ಮಾಡುವುದಕ್ಕಿಂತ ಬೇಡ ಅನ್ನುವುದೇ ಹೆಚ್ಚು. ಟ್ಯಾಟೂ ಮಷೀನಿನ ಮೇಲೆ ಸದಾ ಒಂದು ಟವೆಲ್ ಹೊದಿಸಿರುತ್ತಿತ್ತು, ಮಲಗಿದ ಕೂಸಿನ ಮೇಲೆ ಹೊದಿಸಿದ ಹಾಗೆ. ಅಂಗಡಿಯ ಮುಂದೆ ನೆರಳಲ್ಲಿ ಒಂದು ಬೆಂಚು. ಕಾಲೇಜು ಮುಗಿಸಿ ಬ್ಯಾಡಗಿ ಬಸ್ಸಿಗೆ ಕಾಯುವ ನಾನು ಮೂರು ವರ್ಷ ಅದರ ಮೇಲೆ ಕುಳಿತು, ಆತ ಗಿರಾಕಿಗಳನ್ನು ವಾಪಸು ಕಳಿಸುವುದನ್ನು ನೋಡಿದೆ.

ಆತನದು ಒಂದೇ ಕಾಯ್ದೆ. “ಮೊದಲ ಗಾಡಿಗೆ ಹಚ್ಚು, ಆಮ್ಯಾಲೆ ಮೈಗೆ.” ಯಾರು ಏನು ಬರೆಸಲು ಬಂದರೂ ಅದನ್ನೇ ಸ್ಟಿಕರ್ ಕತ್ತರಿಸಿ ಅವರ ಬೈಕಿಗೆ ಅಂಟಿಸುವನು. ಒಂದು ತಿಂಗಳು ಊರೆಲ್ಲ ತಿರುಗಬೇಕು. ಆಮೇಲೂ ಬೇಕೆನಿಸಿದರೆ ಬರಬೇಕು. ಯಾಕೆಂದು ಕೇಳಿದರೆ, “ಗಾಡಿ ಮಾರಬಹುದು ತಮ್ಮಾ. ಮೈ ಮಾರಾಕ ಬರೂದಿಲ್ಲ” ಎನ್ನುವನು. ತಿಂಗಳ ಮೇಲೂ ಬಂದವರಿಗೆ ಮಾತ್ರ ಟವೆಲ್ ತೆಗೆದು, ಉಸಿರು ಬಿಗಿಹಿಡಿದು, ಚೆಂದಾಗಿ ಹಾಕಿಕೊಡುತ್ತಿದ್ದ. ಅಂಥವರು ಕಡಿಮೆ.

ದೀಪಾವಳಿಗೆ ಮುಂಚೆ ಹಾವೇರಿ ಕಡೆಯ ಹಳ್ಳಿಯ ಬಸು ಎಂಬವನು ಬಂದ. ನಮ್ಮ ಸೀಮೆಯಲ್ಲಿ ಹಬ್ಬಕ್ಕೆ ಹೋರಿಗೆ ಕೊಬ್ಬರಿ ಹಾರ ಕಟ್ಟಿ ಓಡಿಸುವುದು ದೊಡ್ಡ ಹುಚ್ಚು. ಒಂದೊಂದು ಹೋರಿಗೂ ಹೆಸರು, ಬ್ಯಾನರು, ಅಭಿಮಾನಿ ಬಳಗ. ಬಸುವಿನ ಊರ ಹೋರಿಯ ಹೆಸರು ಹೆಲಿಕಾಪ್ಟರ್. ಅದರ ಚಿತ್ರ ಅವನಿಗೆ ಎದೆ ತುಂಬ ಬೇಕಿತ್ತು.

“ಕೊರಳಾಗಿನ ಕೊಬ್ಬರಿ ಹಾರ ಸಮೇತ ಬರಬೇಕ್ರಿ,” ಎಂದ.

“ಹೋರಿ ನಿಂದೇನ?”

“ಅಲ್ರಿ, ನಮ್ಮ ಗೌಡ್ರದು. ನಾ ಅಭಿಮಾನಿ.”

“ಅದಕ್ಕ ವಯಸ್ಸೆಷ್ಟು?”

“ಐದು.”

“ನಿನಗ?”

“ಇಪ್ಪತ್ಮೂರು.”

“ಅದು ಹೋದ ಮ್ಯಾಲೆ ನಲವತ್ತು ವರ್ಷ ಅದನ್ನ ಹೊತ್ತು ತಿರಗಾವ ನೀನ. ಹೋರಿ ಏನರ ನಿನ್ನ ಹೆಸರು ಹಾಕ್ಕೊಂಡೈತೇನ?”

ಬಸು ಸಿಟ್ಟಿಗೆದ್ದ. ಕಾಕಾ ಸಮಾಧಾನದಿಂದ ಅವನ ಬೈಕಿನ ಟಾಕಿಯ ಮೇಲೆ ಹೆಲಿಕಾಪ್ಟರನ್ನು ಕೊಬ್ಬರಿ ಹಾರ ಸಮೇತ ಅಂಟಿಸಿ ಕಳಿಸಿದ. ಹಬ್ಬ ಮುಗಿಯಿತು. ಗೌಡರು ಹೋರಿಯನ್ನು ಪಕ್ಕದೂರಿಗೆ ಮಾರಿದರು. ಬಸುವಿನ ಬಳಗ ಮೂರು ವರ್ಷದಿಂದ ಬೈದಾಡುತ್ತಿದ್ದದ್ದು ಅದೇ ಊರಿನವರ ಜೊತೆ. ಹದಿನೈದು ದಿನ ಬಸು ಟಾಕಿಯ ಮೇಲೆ ಟವೆಲ್ ಮುಚ್ಚಿಕೊಂಡು ಗಾಡಿ ಓಡಿಸಿದ. ಆಮೇಲೆ ಆ ಊರಿನವನೇ ಒಬ್ಬ ಬಂದು, ಆ ಚಿತ್ರದ ಆಸೆಗೇ ಗಾಡಿಯನ್ನೂ ಕೊಂಡುಕೊಂಡು ಹೋದ.

ಬಸು ಬಸ್ಸಿನಲ್ಲಿ ಬಂದು ನಮ್ಮ ಬೆಂಚಿನ ಮೇಲೆ ಕುಳಿತ. “ಹೋರಿನೂ ಹೋತ್ರಿ ಕಾಕಾ, ಗಾಡಿನೂ ಹೋತ್ರಿ.”

ಕಾಕಾ ಬಾಚಣಿಗೆಯಿಂದ ಅವನ ಎದೆಗೆ ತಿವಿದ. “ಇದು ಉಳೀತಲ್ಲ? ಚಾ ಕುಡಿ.”

ನಿಶ್ಚಯವಾದ ಹುಡುಗಿಯ ಹೆಸರನ್ನು ಕೈಮೇಲೆ ಬರೆಸಲು ಬಂದ ವರನೊಬ್ಬನಿಗೆ ಕಾಕಾ ಮೊದಲು ಆಕೆಯ ಒಪ್ಪಿಗೆ ತಾ ಎಂದ. ಅವನು ಹುಡುಗಿಯನ್ನೇ ಕರೆತಂದ. ಆಕೆ ಬಾಯಿ ತುಂಬ ನಕ್ಕು, “ಬ್ಯಾಡ್ರಿ ಕಾಕಾ. ಇವರು ಜಳಕಾ ಮಾಡೂದ ವಾರಕ್ಕೊಮ್ಮೆ ಅಂತ ನಮ್ಮ ಅತ್ತಿ ಹೇಳ್ಯಾರ. ನನ್ನ ಹೆಸರು ನನ್ನ ಹತ್ರನ ಸ್ವಚ್ಛ ಇರ್ಲಿ,” ಎಂದಳು. ವರ ಅಂದೇ ಸಂಜೆ ಜಳಕ ಮಾಡಿದನೆಂದು ಕೇಳಿದ್ದೇನೆ.

ಇವರನ್ನೆಲ್ಲ ನೋಡಿ ನಕ್ಕವಳು ನಾನು. ಆದರೂ ಕೊನೆಯ ಪರೀಕ್ಷೆ ಬರೆದ ದಿನ ನೇರ ಕಾಕಾನ ಮುಂದೆ ಹೋಗಿ ಬಲಗೈ ಚಾಚಿದೆ. “ಬಿ.ಎಸ್ಸಿ. ಅಂತ ಬರೀರಿ. ದೊಡ್ಡ ಅಕ್ಷರದಾಗ.”

ಇದಕ್ಕೆ ಕಾರಣ ಹೇಳಬೇಕು. ನನ್ನ ಅಪ್ಪ ಗುಡ್ಡಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಸಹಿ ಎಂದರೆ ಹೆಬ್ಬೆಟ್ಟು. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಹತ್ತನೇ ಇಯತ್ತೆ ದಾಟಿದವರಿಲ್ಲ. ಡಿಗ್ರಿ ಎನ್ನುವುದು ಕಾಗದ; ನಮ್ಮ ಮನೆಯಲ್ಲಿ ಕಾಗದಗಳು ಇಲಿಗೆ ಹೋಗುತ್ತವೆ. ಕೈಮೇಲಿದ್ದರೆ ಉಳಿಯುತ್ತದೆ ಎಂದು ನನ್ನ ಲೆಕ್ಕ.

“ರಿಸಲ್ಟ್ ಬಂದೈತೇನ ತಂಗಿ?”

“ಬರೂದ ಐತ್ರಿ.”

“ಗಾಡಿ ಐತೇನ?”

“ಬಸ್ ಪಾಸ್ ಐತ್ರಿ.”

“ಬಸ್ಸಿಗೆ ಹಚ್ಚಿದ್ರ ಕಂಡಕ್ಟರ್ ಬೈತಾನ. ಬ್ಯಾಗಿನ್ಯಾಗ ಏನೈತಿ?”

ಇದ್ದದ್ದು ಸ್ಟೀಲಿನ ಊಟದ ಡಬ್ಬಿ. ಕಾಕಾ ಅದನ್ನು ಒರೆಸಿ, ಮುಚ್ಚಳದ ಮೇಲೆ ಕೆಂಪು ಅಕ್ಷರದಲ್ಲಿ ಬಿ.ಎಸ್ಸಿ. ಎಂದು ಅಂಟಿಸಿದ. “ತಿಂಗಳು ಇದರಾಗ ಉಣ್ಣು. ಆಮ್ಯಾಲೆ ಬಾ.”

ಆದರೆ ಮರುದಿನವೇ ಆ ಡಬ್ಬಿಯನ್ನು ಅಪ್ಪ ಒಯ್ದ. ಓದಲು ಬಾರದವನು ಪೇಟೆಯಲ್ಲಿ ಎಲ್ಲರಿಗೂ ಮುಚ್ಚಳ ತೋರಿಸಿ ಓದಿಸಿದನಂತೆ. ವಾರದೊಳಗೆ ಅವನ ಹೆಸರೇ ಬದಲಾಯಿತು. “ಏ ಬಿ.ಎಸ್ಸಿ., ಈ ಚೀಲ ಎತ್ತಲೇ!” “ಬಿ.ಎಸ್ಸಿ. ಬಂದನೇನು ನೋಡ್ರಿ!” ಪೇಟೆಯ ಘಾಟಿಗೆ ಸೀನುತ್ತ ಸೀನುತ್ತ ಅಪ್ಪ ಓ ಎನ್ನುತ್ತಿದ್ದ, ನಗುತ್ತ.

ಇಪ್ಪತ್ತನೆಯ ದಿನ ರಿಸಲ್ಟ್ ಬಂತು. ಕೆಮಿಸ್ಟ್ರಿಯಲ್ಲಿ ನಾನು ಫೇಲಾಗಿದ್ದೆ.

ಅಪ್ಪ ಉಣ್ಣುವುದನ್ನು ನಿಲ್ಲಿಸದೆ ಕೇಳಿಸಿಕೊಂಡ. ನಾನು ಡಬ್ಬಿ ತೆಗೆದುಕೊಂಡು ಸ್ಟಿಕರ್ ಕೀಳತೊಡಗಿದೆ.

“ಡಬ್ಬಿ ಮ್ಯಾಲಿಂದು ಕಿತ್ತರ ಹೋಗತೈತಿ ಬೇ,” ಎಂದ. “ನನ್ನ ಮ್ಯಾಲಿಂದು ಹೆಂಗ ಕೀಳ್ತಿ? ಪ್ಯಾಟ್ಯಾಗ ಗುಡ್ಡಪ್ಪ ಅಂದ್ರ ಯಾರಂತ ಈಗ ಯಾರಿಗೂ ಗೊತ್ತಿಲ್ಲ.”

ಬೈದಿದ್ದರೆ ಚಲೋ ಇತ್ತು. ಅಳಿಸಲಾಗದ್ದನ್ನು ನನ್ನ ಕೈಗೆ ಹಾಕಿಸಹೋಗಿ ಅಪ್ಪನ ಮೈಗೆ ಹಾಕಿಸಿದ್ದೆ.

ಮರುದಿನ ಡಬ್ಬಿ ಹಿಡಿದು ಕಾಕಾನ ಮೇಲೆ ಜಗಳಕ್ಕೆ ಹೋದೆ. ಮೊದಲ ಗಾಡಿಗೆ ಹಚ್ಚು ಅಂದಿರಲ್ಲ, ಈಗ ಅಪ್ಪನ ಮ್ಯಾಲಿಂದು ಅಳಿಸಿಕೊಡ್ರಿ ಎಂದೆ. ಕಾಕಾ ಪೂರ್ತಿ ಕೇಳಿದ. ಆಮೇಲೆ ಅಂಗಿಯ ಗುಂಡಿ ಬಿಚ್ಚಿದ.

“ಆಂಬುಲೆನ್ಸ್ ಕತಿ ಸುಳ್ಳು ತಂಗಿ,” ಎಂದ. “ಮಷೀನ್ ತಂದ ದಿನ ಹುರುಪು ತಡೀಲಿಲ್ಲ. ಕನ್ನಡಿ ನೋಡಿಕೋತ ನಾನ ಹಾಕ್ಕೊಂಡೆ. ಕನ್ನಡಿಯಾಗ ಸೀದಾ ಇತ್ತು. ಮನ್ಯಾಗ ಹೇಣ್ತಿ ನೋಡಿ ಇದೇನು ಉಲ್ಟಾ ಅಂದಾಗ ಗೊತ್ತಾತು. ವಿಚಾರ ಮಾಡು ಅಂತ ಬರ್ಕೊಳ್ಳೂದಕ್ಕ ವಿಚಾರ ಮಾಡ್ಲಿಲ್ಲ ನಾ.”

ಆ ದುಃಖದಲ್ಲೂ ನನಗೆ ನಗು ಬಂತು. ಕಾಕಾನೂ ನಕ್ಕ.

“ನಂದು ತಪ್ಪು ಐತಿ, ಸಾಯೂತನಕ ತಪ್ಪ. ನಿಂದು ತಪ್ಪಲ್ಲ. ಹೊತ್ತಿಗಿಂತ ಲಗೂ ಬಂದೈತಿ, ಅಷ್ಟ.”

ಹೊಸ ಗಾಡಿಗೆ ನಂಬರ್ ಸಿಗುವ ತನಕ ಪ್ಲೇಟಿನ ಮೇಲೆ ‘ಎ/ಎಫ್’ ಎಂದು ಬರೆಸುತ್ತಿದ್ದರು. ಅಪ್ಲೈಡ್ ಫಾರ್, ಅಂದರೆ ಅರ್ಜಿ ಹಾಕಿದೆ, ನಂಬರ್ ಬರುತ್ತದೆ ಎಂಬ ಗುರುತು. ಕಾಕಾ ಆ ಎರಡು ಅಕ್ಷರ ಕತ್ತರಿಸಿ ಬಿ.ಎಸ್ಸಿ.ಯ ಪಕ್ಕ ಅಂಟಿಸಿದ. “ಹೊಸಾ ಗಾಡಿ ಮನ್ಯಾಗ ನಿಲ್ಲಿಸ್ತಾರೇನು? ಹಿಂಗ ಓಡಸ್ತಾರ. ಹೋಗು, ಕೆಮಿಸ್ಟ್ರಿ ಓದು.”

ಅಪ್ಪ ಮತ್ತೆ ಡಬ್ಬಿ ಒಯ್ದ. ಎ/ಎಫ್ ಅಂದರೇನಲೇ ಎಂದು ಯಾರೋ ವ್ಯಾಪಾರಸ್ಥರು ಕೇಳಿದರಂತೆ. “ಅದು ಇನ್ನೂ ಮ್ಯಾಲಿಂದು ಇರಬೇಕ್ರಿ,” ಎಂದನಂತೆ ಅಪ್ಪ. ಆ ಹೊತ್ತಿನಿಂದ ಪೇಟೆಯಲ್ಲಿ ಅವನ ಮರ್ಯಾದೆ ಹೆಚ್ಚಿತು. ಒಬ್ಬರು ತಮ್ಮ ಮಗಳನ್ನೂ ಬಿ.ಎಸ್ಸಿ. ಎ/ಎಫ್‌ಗೇ ಸೇರಿಸುತ್ತೇನೆ, ಯಾವ ಕಾಲೇಜು ಎಂದು ನನ್ನನ್ನು ಕೇಳಲು ಮನೆಗೆ ಬಂದರು. ಅವರಿಗೆ ಚಹಾ ಕೊಟ್ಟು ಒಳಗೆ ಹೋಗಿ ಕೆಮಿಸ್ಟ್ರಿ ಪುಸ್ತಕ ಹಿಡಿದವಳು, ಪಾಸಾಗುವ ತನಕ ಬಿಡಲಿಲ್ಲ. ಎರಡನೆಯ ಸಲಕ್ಕೆ ಪಾಸಾದೆ. ಪಾಸು ಮಾಡಿಸಿದ್ದು ಯಾರ ಶಿಫಾರಸೂ ಅಲ್ಲ, ಟ್ಯೂಶನ್ನೂ ಅಲ್ಲ, ಆ ಎ/ಎಫ್. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಅಂಕಪಟ್ಟಿ ತೋರಿಸಿದಾಗ ಕಾಕಾ ಎ/ಎಫ್ ಅನ್ನು ಉಗುರಿನಿಂದ ಎಬ್ಬಿಸಿ ಕಿತ್ತು, “ರಿಜಿಸ್ಟ್ರೇಶನ್ ಆತು,” ಎಂದ. ನಾನು ಕೈ ಚಾಚಿದೆ. ಆತ ನಿಜವಾಗಿಯೂ ಮಷೀನಿನ ಮೇಲಿನ ಟವೆಲ್ ತೆಗೆದ.

“ಮುಂದ ಎಷ್ಟು ಜಾಗಾ ಬಿಡ್ಲಿ?”

“ಯಾಕ್ರಿ?”

“ಎಂ.ಎಸ್ಸಿ. ಮಾಡಿದ್ರ?”

“ಅಷ್ಟೆಲ್ಲ ಓದೂದಿಲ್ರಿ ಕಾಕಾ.”

“ಹಂಗಾರ ಕೆಳಗ ಸಣ್ಣದಾಗಿ ‘ಇಷ್ಟಕ್ಕ ಸಾಕು’ ಅಂತನೂ ಬರೀತೀನಿ.”

ಕೈ ಹಿಂದಕ್ಕೆ ಎಳೆದುಕೊಂಡೆ. ಆತ ಮಷೀನಿಗೆ ಮತ್ತೆ ಟವೆಲ್ ಹೊದಿಸಿದ.

ಈಗ ನಾನು ರಾಣೆಬೆನ್ನೂರಿನಲ್ಲಿ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿದ್ದೇನೆ. ನೂರು ಬೀಜ ನೆನೆಹಾಕಿ ಎಷ್ಟು ಮೊಳೆತವೆಂದು ಎಣಿಸುವ ಕೆಲಸ. ಕಾಕಾ ಹೋದ ವರ್ಷ ತೀರಿಕೊಂಡ. ಕಾಯಿಲೆ ಇತ್ತೆಂದು ನಮಗಾರಿಗೂ ಹೇಳಿರಲಿಲ್ಲ. ನನಗೆ ಸುದ್ದಿ ತಿಳಿದಾಗ ಮಣ್ಣು ಮುಗಿದಿತ್ತು. ಅಪ್ಪ ಇನ್ನೂ ಪೇಟೆಯಲ್ಲಿ ಬಿ.ಎಸ್ಸಿ.ಯೇ.

ಈ ಜೂನಿನಲ್ಲಿ ನಾನು ಅಂಚೆ ಶಿಕ್ಷಣದ ಮೂಲಕ ಎಂ.ಎಸ್ಸಿ.ಗೆ ಸೇರಿದೆ. ಡಬ್ಬಿ ಹಿಡಿದು ಅದೇ ಗಲ್ಲಿಗೆ ಹೋದೆ. ಅಂಗಡಿಯಲ್ಲಿ ಈಗ ಮೊಬೈಲ್ ಕವರುಗಳು ತೂಗುತ್ತವೆ. ಬೆಂಚು ಇಲ್ಲ. ಒಳಗೆ ಒಬ್ಬರು ಕಂಪ್ಯೂಟರಿನ ಮುಂದಿದ್ದರು.

“ಎಂ.ಎಸ್ಸಿ. ಎ/ಎಫ್ ಅಂತ ಸ್ಟಿಕರ್ ಬೇಕಿತ್ರಿ.”

ಅವರು ಟೈಪು ಮಾಡಿದರು, ಮಷೀನು ಕತ್ತರಿಸಿತು, ಡಬ್ಬಿಗೆ ಅಂಟಿತು. ಐದು ನಿಮಿಷವೂ ಆಗಲಿಲ್ಲ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಅಲ್ಲೇ ನಿಂತಿದ್ದೆ.

“ಮತ್ತೇನರ ಬೇಕಿತ್ತೇನ್ರಿ ಮೇಡಂ?”

“ರಿಸಲ್ಟ್ ಬಂದೈತೇನ ಅಂತ ಕೇಳ್ರಿ.”

ಅವರು ನನ್ನನ್ನೂ ಡಬ್ಬಿಯನ್ನೂ ನೋಡಿ, ಅಂಜುತ್ತಲೇ ಕೇಳಿದರು. “ರಿಸಲ್ಟ್... ಬಂದೈತೇನ್ರಿ?”

“ಇಲ್ರಿ, ಬರೂದ ಐತಿ,” ಎಂದು ಹೇಳಿ ಬ್ಯಾಡಗಿ ಬಸ್ ಹತ್ತಿದೆ.