ಉಪ್ಪಿಲ್ಲದ ಮರಮೀನು

ಬಡಗಿ ಮರದಲ್ಲಿ ಮೀನು ಕೆತ್ತುತ್ತಿದ್ದ. ಹೆಂಡತಿ ಅದಕ್ಕೆ ಕೊಕ್ಕೆ ಸಿಕ್ಕಿಸಿ, ದಾರಕ್ಕೆ ಕಟ್ಟಿ, ಓಡುವ ದೋಣಿಯ ಹಿಂದೆ ಎಳೆದು, ನಿಜವಾದ ಮೀನಿಗೆ ಟೋಪಿ ಹಾಕುತ್ತಿದ್ದಳು. ಒಂದು ದಿನ ಕೆರೆ, ಒಂದು ದಿನ ಸಮುದ್ರ. ದೋಣಿ ಹತ್ತಿದರೆ ತಲೆ ಗಿರ್ರೆನ್ನುವ ಬಡಗಿಗೆ ಸಮುದ್ರದ ಪರಿಚಯವಿದ್ದದ್ದು ನಾಲಗೆಯಿಂದ ಮಾತ್ರ. ಉಪ್ಪುನೀರಿಗೆ ಹೋದ ಮರಮೀನನ್ನು ತೊಳೆಯದಿದ್ದರೆ ಅದರ ಕೊಕ್ಕೆ ತುಕ್ಕು ಹಿಡಿಯುತ್ತದೆ. ಹಾಗಾಗಿ ವಾಪಸು ಬಂದ ಪ್ರತಿಯೊಂದನ್ನೂ ಅವನು ಉಪ್ಪಿದೆಯೇ ಎಂದು ನೆಕ್ಕಿ ನೋಡುತ್ತಿದ್ದ.

"ಥೂ, ಮೀನಿಗಿಂತ ಮೊದಲು ನೀನೇ ಕೊಕ್ಕೆಗೆ ಬೀಳ್ತೀಯ," ಎಂದು ಅವಳು ಬೈಯುತ್ತಿದ್ದಳು.

ಕೈ ನಡುಗಲು ಶುರುವಾದ ಮೇಲೆ ಅವನು ಹರಸಾಹಸಪಟ್ಟು ಒಂದು ನೀಲಿ ಮೀನು ಮುಗಿಸಿದ. ಅಲ್ಲಿಗೆ ಉಳಿಯನ್ನು ಕೆಳಗಿಟ್ಟ. ಅವಳು ಅದನ್ನು ಸಮುದ್ರಕ್ಕೆ ಒಯ್ದು ಸಂಜೆ ವಾಪಸು ತಂದಳು.

"ಒಂದೂ ಕಚ್ಚಲಿಲ್ಲ," ಎಂದಳು.

ಅವನು ನೆಕ್ಕಿದ. ಬರೀ ಬಣ್ಣದ ರುಚಿ.

"ಇದನ್ನ ನೀರಿಗೇ ಬಿಟ್ಟಿಲ್ಲ ನೀನು."

ಅವಳು ಬೇರೆಡೆ ನೋಡಿದಳು. "ಇದೇ ಕೊನೇದು ಅಂತ ನಿಂಗೂ ಗೊತ್ತು. ಹೋದ್ರೆ ಮತ್ತೆಲ್ಲಿಂದ ತರ್ಲಿ?"

"ಗೋಡೆಗೆ ನೇತುಹಾಕೋಕೆ ನಾನೇನು ಕ್ಯಾಲೆಂಡರ್ ಮಾಡಿದ್ನಾ?" ಎಂದು ಅವನು ರೇಗಿದ.

ಮರುದಿನ ಅವಳು ಸಮುದ್ರದಿಂದ ಬಂದು, ಗೇಣುದ್ದದ ತುಂಡುದಾರವನ್ನು ಅವನ ಅಂಗೈಯಲ್ಲಿಟ್ಟಳು. "ಯಾರೋ ದೊಡ್ಡವರೇ ಬಂದಿದ್ರು. ದಾರ ಕಡಿದು, ನಿನ್ನ ಮೀನನ್ನೂ ಬಾಯಲ್ಲಿಟ್ಕೊಂಡು ಹೋದ್ರು," ಎಂದಳು.

ಬಡಗಿ ದಾರದ ತುದಿಯನ್ನು ನಾಲಗೆಗೆ ತಾಗಿಸಿದ. ಕಣ್ಣು ಮುಚ್ಚಿ, ತುಸು ಹೊತ್ತು ಚಪ್ಪರಿಸಿದ.

"ಉಪ್ಪಿದೆ," ಎಂದು ಮುಖವೆಲ್ಲ ಅರಳಿಸಿದ.