ಚೀಟಿ ಕಟ್ಟಿದ ಜೋಡು

ನನ್ನ ಎರಡು ಪಾದಗಳ ಮೇಲೆ ನನಗಿರುವಷ್ಟು ಸಿಟ್ಟು ಬೇರೆ ಯಾರ ಮೇಲೂ ಇಲ್ಲ. ಇದ್ದರೆ ಒಬ್ಬ ರೇಂಜರ ಮೇಲಿದೆ. ಅವನ ಮಾತು ಆಮೇಲೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ನಾನು ತಿತಿಮತಿಯ ಕಾಡಿನಲ್ಲಿ ಫಾರೆಸ್ಟ್ ಗಾರ್ಡ್. ಬೆಳಿಗ್ಗೆ ಎದ್ದು ಕಾಡು ಸುತ್ತಬೇಕು, ಕದ್ದು ಮರ ಕಡಿಯುವವರನ್ನು ಹಿಡಿಯಬೇಕು, ಸಂಜೆ ಕೂತು ಡೈರಿ ಬರೆಯಬೇಕು. ನೆಲದ ಮೇಲಿನ ಹೆಜ್ಜೆ ನೋಡಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಆ ರೇಂಜಿನಲ್ಲಿ ಇರಲಿಲ್ಲ. ಹೋದವನು ಹೊರೆ ಹೊತ್ತಿದ್ದನೇ, ಬರಿಗೈಯಲ್ಲಿದ್ದನೇ, ಬೆಳಿಗ್ಗೆ ಹೋದನೇ, ಮಳೆ ನಿಂತ ಮೇಲೆ ಹೋದನೇ, ಎಲ್ಲ ಹೇಳುತ್ತಿದ್ದೆ. ಅದರ ಬಗ್ಗೆ ನನಗೆ ಕೊಬ್ಬೂ ಇತ್ತು, ಸುಳ್ಳು ಯಾಕೆ ಹೇಳಲಿ.

ಉರಿ ಶುರುವಾದದ್ದು ಹೆಬ್ಬೆರಳಿನ ಬುಡದಲ್ಲಿ. ಮೊದಲು ಇರುವೆ ಹರಿದಂತೆ ಜುಮುಜುಮು ಅನ್ನುತ್ತಿತ್ತು. ಆಮೇಲೆ ಇಡೀ ಪಾದಕ್ಕೆ ಹಬ್ಬಿ, ಒಲೆಯ ಬಿಸಿ ಬೂದಿಯ ಮೇಲೆ ನಿಂತ ಹಾಗಾಯಿತು. ಒಂದು ದಿನ ಬೂಟಿನೊಳಗೆ ಕಲ್ಲು ಸೇರಿಕೊಂಡು ಸಂಜೆಯವರೆಗೆ ನಡೆದರೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ದಿನ ಕಾಲುಚೀಲದ ಹೊಲಿಗೆ ತಾಗಿದರೂ ಕಣ್ಣಲ್ಲಿ ನೀರು. ಇಂಥ ಎರಡು ಬಗೆಯ ಕಾಲನ್ನು ಒಂದೇ ಮನುಷ್ಯನಿಗೆ ಕೊಟ್ಟದ್ದು ಯಾರು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಯಾರಿಗೂ ಹೇಳದೆ ವಿರಾಜಪೇಟೆಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಪಾದಕ್ಕೆ ಗುಂಡುಸೂಜಿ ಚುಚ್ಚಿ, ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ಬಡಿದು, "ಇದು ನರದ ತೊಂದರೆ. ಪೂರ್ತಿ ಹೋಗೋದಿಲ್ಲ. ಅಗಲವಾದ ಮೆತ್ತಗಿನ ಬೂಟು ಹಾಕಿ, ಕಡಿಮೆ ನಡೀರಿ," ಅಂದರು.

ಫಾರೆಸ್ಟ್ ಗಾರ್ಡಿಗೆ ಕಡಿಮೆ ನಡೀರಿ ಅನ್ನುವವರಿಗೆ ಏನು ಹೇಳುವುದು? ಕೈಮುಗಿದು ಎದ್ದು ಬಂದೆ.

ಹೆಂಡತಿಯದು ಒಂದೇ ಮಾತು: ರೇಂಜರಿಗೆ ಹೇಳಿ, ಸ್ವಲ್ಪ ದಿನ ಹಗುರದ ಕೆಲಸ ಕೇಳಿ. ಅವಳಿಗೇನು ಗೊತ್ತು. ಹಿಂದಿನ ವರ್ಷವಷ್ಟೇ ಕಣ್ಣು ಮಂಜಾದ ಒಬ್ಬ ಗಾರ್ಡನ್ನು ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲಿಸಿ, ಅನ್‌ಫಿಟ್ ಅಂತ ಬರೆದು ಮನೆಗೆ ಕಳಿಸಿದ್ದರು. ಅವನು ಸಂತೆಯಲ್ಲಿ ಸಿಕ್ಕರೆ ನಾವೆಲ್ಲ ಬೇರೆ ದಾರಿ ಹಿಡಿಯುತ್ತಿದ್ದೆವು. ನನಗೂ ಆ ಗತಿ ಬರಬಾರದೆಂದರೆ ಯಾರ ಎದುರಿಗೂ ಕುಂಟಬಾರದು, ಅಷ್ಟೇ. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ರೇಂಜರು ಮನುಷ್ಯರ ಮುಖ ನೋಡುವ ಮೊದಲು ಬೂಟು ನೋಡುವ ಪೈಕಿ. "ಬೂಟ್ ಇಲ್ದೆ ಡ್ಯೂಟಿ ಇಲ್ಲ ಕಣ್ರೀ. ಇದೇನು ನಿಮ್ಮ ಗದ್ದೆ ಬದೂನಾ?" ಎನ್ನುತ್ತಿದ್ದ. ಸರ್ಕಾರಿ ಬೂಟು ಬರುತ್ತಿದ್ದದ್ದು ಮೈಸೂರಿನಿಂದ. ಅದನ್ನು ಹೊಲಿದವನು ಮನುಷ್ಯರ ಕಾಲು ನೋಡಿದ್ದನೋ ಇಲ್ಲವೋ. ಮುಂದೆ ಚೂಪು, ಹಿಂದೆ ಕಬ್ಬಿಣ, ಒಳಗೆ ಮೊಳೆ.

ಹಾಗಾಗಿ ಆ ವರ್ಷವಿಡೀ ರಜೆ ಸಿಕ್ಕಾಗಲೆಲ್ಲ ಜೋಡು ಹುಡುಕುವುದೇ ನನ್ನ ಕೆಲಸವಾಯಿತು. ಕ್ಯಾನ್ವಾಸ್ ಶೂ ತಂದೆ. ಮೆತ್ತಗಿತ್ತು, ಆದರೆ ಅದರೊಳಗೆ ನನಗಿಂತ ಮೊದಲು ಜಿಗಣೆ ಹೊಗುತ್ತಿತ್ತು. ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದ ನೆರೆಮನೆಯ ಹಿರಿಯರು ತಮ್ಮ ಹಳೇ ಬೂಟು ಕೊಟ್ಟು, "ಇದನ್ನ ಹಾಕಿ ನಾನು ಮರುಭೂಮಿ ದಾಟಿದ್ದೇನೆ," ಅಂದರು. ಎರಡು ಅಳತೆ ದೊಡ್ಡದು. ಒಳಗೆ ಗೋಣಿ ತುಂಬಿ ಹಾಕಿಕೊಂಡರೆ ಪಾದ ಅತ್ತಿತ್ತ ಜಾರಿ, ಉರಿಯ ಜೊತೆಗೆ ಬೊಕ್ಕೆಯೂ ಎದ್ದಿತು. ಅಂಗಡಿಯವನ ಮುಂದೆ ಕೂತು ಏಳೆಂಟು ಜೊತೆ ಹಾಕಿ ತೆಗೆದಾಗ ಅವನು, "ನಿಮಗೆ ಜೋಡು ಬೇಕಾ, ಹೊತ್ತು ಕಳೀಬೇಕಾ?" ಅಂತ ಕೇಳಿದ. ಅಲ್ಲಿದ್ದವರೆಲ್ಲ ನಕ್ಕರು. ಆ ಅಂಗಡಿಯ ಮುಂದೆ ನಾನು ಆಮೇಲೆ ಹಾದುಹೋಗಿಲ್ಲ.

ಒಂದು ಮಧ್ಯಾಹ್ನ ಯಾರೂ ಇಲ್ಲವೆಂದು ಬೂಟು ಕಳಚಿ ತೋಡಿನ ನೀರಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಹಿಂದೆ ಕೆಮ್ಮು ಕೇಳಿತು. ಮರದ ಕಂಟ್ರಾಕ್ಟರನ ಮೇಸ್ತ್ರಿ. ಇಲಾಖೆ ಹರಾಜು ಹಾಕಿದ ಮರ ಕಡಿಸಿ ಸಾಗಿಸಲು ಆಳುಗಳನ್ನು ಇಟ್ಟುಕೊಂಡು ಅಲ್ಲೇ ಬಿಡಾರ ಹೂಡಿದ್ದವನು. ಕೆಂಪಗಾಗಿ ಊದಿದ ನನ್ನ ಪಾದ ನೋಡಿ ಅವನು ನಗಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಬೇನೆ ಉಂಟಲ್ಲ ಗಾರ್ಡ್ರೇ. ವಿರಾಜಪೇಟೆ ಬಸ್‌ಸ್ಟ್ಯಾಂಡಿನ ಮೆಟ್ಟಿಲಡಿಯಲ್ಲಿ ಜೋಡು ಹೊಲಿಯುವವ ಒಬ್ಬ ಕೂತ್ಕೊಳ್ತಾನೆ, ಘಟ್ಟದ ಕೆಳಗಿನವ. ಅವನ ಹತ್ರ ಹೋಗಿ. ನಾನು ಯಾರಿಗೂ ಹೇಳುದಿಲ್ಲ," ಅಂದ.

ಹೋದೆ. ಮುದುಕ. ಮಲಯಾಳ ಬೆರೆತ ಕನ್ನಡ. ಅಳತೆಪಟ್ಟಿ ಹಿಡಿಯಲೇ ಇಲ್ಲ. ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತುತ್ತಾ, "ಇಲ್ಲಿ ಉಂಟಾ? ಇಲ್ಲಿ ಇಲ್ಲ ಅಲ್ಲೇ? ಇಲ್ಲಿ?" ಅಂತ ಕೇಳಿ ಕೇಳಿ ಉರಿಯುವ ಕಡೆಯೆಲ್ಲ ಮಸಿ ಹಚ್ಚಿದ. ನನ್ನ ಹಳೇ ಬೂಟಿನ ಮೂತಿ ಕತ್ತರಿಸಿ ಬಿಸಾಡಿದ, ಪಕ್ಕ ಸೀಳಿ ಅಗಲ ಮಾಡಿದ, ದಾರದ ಬದಲು ಪಟ್ಟಿ ಹಾಕಿದ. ಒಳಗೆ ಕಂಬಳಿಯ ತುಂಡು ಮಡಚಿ ಹೊಲಿದು, ಮಸಿ ಹಚ್ಚಿದ ಜಾಗಕ್ಕೆ ಸರಿಯಾಗಿ ಕುಳಿ ಬಿಟ್ಟ. ಅಡಿಗೆ ಲಾರಿ ಟೈರಿನ ತುಂಡು. "ಇದು ಸವೆಯೂದಿಲ್ಲ ಸಾರ್. ನೀವು ಸವೆದರೂ ಇದು ಸವೆಯೂದಿಲ್ಲ."

ಅದನ್ನು ಹಾಕಿಕೊಂಡು ಎದ್ದು ನಿಂತೆ. ಒಂದು ವರ್ಷದಲ್ಲಿ ಮೊದಲ ಸಲ ಪಾದ ಸುಮ್ಮನಿತ್ತು. ನಾನು ಬಸ್‌ಸ್ಟ್ಯಾಂಡಿನಲ್ಲಿ, ಅಷ್ಟು ಜನರ ಮಧ್ಯೆ, ನಾಚಿಕೆ ಬಿಟ್ಟು ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದೆ.

ರೇಂಜರಿಗೆ ಬೂಟು ಮಳೆಗೆ ಕೊಳೆತುಹೋಯಿತು, ಹೊಸದು ಬರುವವರೆಗೆ ಇದು ಅಂತ ಸುಳ್ಳು ಹೇಳಿದೆ. ಅವನು ಮೂಗು ಮುರಿದು ಸುಮ್ಮನಾದ. ಮೇಸ್ತ್ರಿ ಮಾತ್ರ ದಿನಾ ಬೆಳಿಗ್ಗೆ ಬಿಡಾರದ ಮುಂದೆ ನಿಂತು, "ಕಾಲು ಹೇಗುಂಟು ಗಾರ್ಡ್ರೇ? ಇವತ್ತು ಎಷ್ಟು ದೂರ?" ಅಂತ ಕೇಳುತ್ತಿದ್ದ. ನಾನೂ ಹೇಳುತ್ತಿದ್ದೆ. ನನ್ನ ಕಾಲಿನ ಬಗ್ಗೆ ಕೇಳುವವರು ಬೇರೆ ಯಾರಿದ್ದರು?

ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಬೀಟಿನಲ್ಲಿ, ಅಂದರೆ ನಾನು ಕಾಯುವ ಸರಹದ್ದಿನಲ್ಲಿ, ಮೂರು ಬೀಟೆ ಮರ ಹೋದವು. ತಬ್ಬಿದರೆ ಕೈ ಸಿಗದಷ್ಟು ದಪ್ಪದವು. ಮೂರೂ ಹಾಡಹಗಲೇ, ಮೂರೂ ನಾನು ಕಾಡಿನ ಇನ್ನೊಂದು ತುದಿಯಲ್ಲಿದ್ದಾಗ. ಬೆಳಿಗ್ಗೆ ಬಿಡಾರದ ಮುಂದೆ ಹೇಳಿದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗಿ ನೋಡಿದೆ, ಆಗಲೂ ಹಾಗೇ. ರೇಂಜರು ಎಲ್ಲರ ಎದುರಿಗೆ, "ನಿಮಗೂ ಪಾಲು ಬರ್ತದೇನ್ರೀ?" ಅಂತ ಕೇಳಿದ. ಅವತ್ತು ಅವನ ಕೊರಳಪಟ್ಟಿ ಹಿಡಿಯದೆ ಹೊರಗೆ ಬಂದದ್ದು ನನ್ನ ದೊಡ್ಡತನವಲ್ಲ, ಹೆದರಿಕೆ.

ಅದೇ ಸಂಜೆ ಚಾದಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ಪೀಟಾಡಿ ಮನೆಗೆ ಹೋದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಆಫೀಸಿನಲ್ಲಿ ತಡವಾಯಿತು ಅಂದೆ.

"ಎಂಥ ಆಫೀಸು?" ಅಂದಳು. ನಮ್ಮದು ಅರೆಭಾಷೆ ಮಾತಾಡುವ ಮನೆ, ಸಿಟ್ಟು ಬಂದರೆ ಅವಳ ಬಾಯಲ್ಲಿ ಬೇರೆ ಭಾಷೆ ಹೊರಡುವುದಿಲ್ಲ. "ನಂಗೆ ಗೊತ್ತುಟ್ಟು. ನೀರಿಗೆ ಹೋಕನ ಕಂಡೆ. ನಿಮ್ಮ ಲಾರಿ ಚಾದಂಗಡಿ ಹಿಂದೆ ಹೋತ್. ಈ ಊರ್‌ಲಿ ಕಾಲಡಿಗೆ ಟೈರ್ ಕಟ್ಟಿದವು ಬೇರೆ ಯಾರುಟ್ಟು?"

ಲಾಂದ್ರ ಹಿಡಿದು ಓಣಿಗೆ ಇಳಿದು ನೋಡಿದೆ. ಒದ್ದೆ ಮಣ್ಣಿನಲ್ಲಿ ಒಂದರ ಮುಂದೊಂದು, ಮೂತಿಯಿಲ್ಲದ ಅಗಲ ಹೆಜ್ಜೆ, ಮಧ್ಯೆ ಟೈರಿನ ಗೀಟು, ಎಡಗಡೆಯದು ಎಳೆದಂತೆ. ಕುರುಡನೂ ಮುಟ್ಟಿ ಹೇಳಬಹುದಿತ್ತು. ಊರಿನವರ ಹೆಜ್ಜೆಯನ್ನೆಲ್ಲ ನೋಡಿಕೊಂಡು ತಿರುಗಿದ ನಾನು, ನನ್ನ ಹೆಜ್ಜೆಯನ್ನು ಒಂದು ಸಲವೂ ತಿರುಗಿ ನೋಡಿರಲಿಲ್ಲ. ನಾನು ಎತ್ತ ಹೋದೆ, ವಾಪಸು ಬಂದೆನೋ ಇಲ್ಲವೋ, ಎಲ್ಲವನ್ನೂ ನಾನೇ ನೆಲದ ಮೇಲೆ ಬರೆದುಕೊಡುತ್ತಿದ್ದೆ. ಆ ಜೋಡು ಮಾಡಿಸಿಕೊಳ್ಳಲು ಹೇಳಿದವನು ಯಾರೆಂದು ನೆನಪಾಗಿ ಮೈಯೆಲ್ಲ ಉರಿದುಹೋಯಿತು.

ಉಪಾಯ ಹೇಳಿದ್ದೂ ಹೆಂಡತಿಯೇ. ಮರುದಿನ ಬೆಳಿಗ್ಗೆ ಬಿಡಾರದವರು ಏಳುವ ಮುಂಚೆಯೇ ಅವಳು ನನ್ನ ಜೋಡು ಹಾಕಿಕೊಂಡು, ಪಟ್ಟಿ ಬಿಗಿದು, ಗಾಡಿ ದಾರಿಯಲ್ಲಿ ಪಡುವಣ ಗಡಿಯತ್ತ ಹೊರಟಳು. "ನನ್ನ ಹಾಗೆ ನಡೀಬೇಕು," ಅಂದದ್ದಕ್ಕೆ ಅಂಗಳದಲ್ಲೇ ಎಡಗಾಲು ಎಳೆದು, ಸೊಂಟಕ್ಕೆ ಕೈಯಿಟ್ಟು, ದಾರಿಯನ್ನು ಬೈಯುತ್ತಾ ನಡೆದು ತೋರಿಸಿದಳು. ನಾನು ಎಲ್ಲರಿಂದ ಅಷ್ಟು ದಿನ ಮುಚ್ಚಿಟ್ಟ ಕುಂಟು ಅವಳಿಗೆ ಬಾಯಿಪಾಠವಾಗಿತ್ತು.

ನಾನು ಇಬ್ಬರು ವಾಚರುಗಳನ್ನು ಕರೆದುಕೊಂಡು ಬರಿಗಾಲಲ್ಲಿ ಮೂಡಣ ಕಡೆ ಹೋದೆ. ಆ ಎರಡು ಮೈಲಿ ಹೇಗೆ ನಡೆದೆನೆಂದು ಕೇಳಬೇಡಿ. ಮಧ್ಯಾಹ್ನ ಗರಗಸದ ಸದ್ದು ಕೇಳಿತು. ಮೇಸ್ತ್ರಿ ಮರದ ಬುಡದಲ್ಲಿ ಬೀಡಿ ಸೇದುತ್ತಾ ಕೂತಿದ್ದ. ನನ್ನನ್ನು ಕಂಡು ಓಡಲಿಲ್ಲ. ಮುಖ ನೋಡಲಿಲ್ಲ, ಕಾಲು ನೋಡಿದ. ಹಿಮ್ಮಡಿಗೆ ಬೆರಳುದ್ದದ ಬಿದಿರು ಮುಳ್ಳು ಹೊಕ್ಕು ರಕ್ತ ಸುರಿಯುತ್ತಿದ್ದದ್ದು ನನಗೆ ಗೊತ್ತಾದದ್ದು ಅವನು ಬೆರಳು ಮಾಡಿ ತೋರಿಸಿದ ಮೇಲೆ.

ರೇಂಜರು ಜೀಪಿನಲ್ಲಿ ಬಂದು ಮಹಜರು ಬರೆದ. ಗರಗಸ ಒಂದು, ಕೊಡಲಿ ಎರಡು, ಹಗ್ಗ. ಆಮೇಲೆ ಕಳ್ಳರು ಹೇಗೆ ಹೊಂಚುತ್ತಿದ್ದರು ಅನ್ನುವುದನ್ನು ಕೇಳಿದವನೇ ಹಿಗ್ಗಿಹೋಗಿ, "ಅದೇ ಮುಖ್ಯ ಸಾಕ್ಷಿ. ತನ್ನಿ ಆ ಜೋಡು," ಅಂದ. ಜೋಡಿಗೆ ದಾರದಲ್ಲಿ ಚೀಟಿ ಕಟ್ಟಿ, ಗೋಣಿಯಲ್ಲಿ ಸುತ್ತಿ, ಅರಗು ಒತ್ತಿ ತೆಗೆದುಕೊಂಡು ಹೋದ. ರಿಪೋರ್ಟಿನಲ್ಲಿ ಉಪಾಯವೆಲ್ಲ ಅವನದೇ ಆಗಿತ್ತು. ನನ್ನ ಹೆಂಡತಿಯ ಸುದ್ದಿಯೇ ಇರಲಿಲ್ಲ. ನನ್ನ ಸಾಹಸಕ್ಕೆ ಮೆಚ್ಚಿ ಕೊಟ್ಟದ್ದು ಹೊಸ ಸರ್ಕಾರಿ ಬೂಟು. ಮುಂದೆ ಚೂಪು, ಹಿಂದೆ ಕಬ್ಬಿಣ.

ಇನ್ನೊಂದು ಜೊತೆ ಮಾಡಿಸೋಣವೆಂದು ಓಡಿದರೆ ಬಸ್‌ಸ್ಟ್ಯಾಂಡಿನ ಮೆಟ್ಟಿಲಡಿ ಖಾಲಿ. ಮುದುಕ ಊರಿಗೆ ಹೋದವನು ಬರಲೇ ಇಲ್ಲ. ಬೇರೆಯವನ ಕೈಲಿ ಮಾಡಿಸಿದ್ದು ಕಚ್ಚಿತು. ಕೇಸು ಒಂದು ವಾಯಿದೆಯಿಂದ ಇನ್ನೊಂದು ವಾಯಿದೆಗೆ ಹೋಗುತ್ತಾ ಮತ್ತೊಂದು ಮಳೆಗಾಲ ಹಿಡಿಯಿತು. ನನ್ನ ಕಾಲಿನ ಸುಖ ಕೋರ್ಟಿನ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು, ನಾನು ಹೊರಗೆ ಬೇಯುತ್ತಿದ್ದೆ. ಮನೆಯಲ್ಲಿ ಮಾತಿಗೆ ಮುಂಚೆ ಕೈಗೆ ಸಿಕ್ಕಿದ್ದನ್ನು ಎಸೆಯುವ ಅಭ್ಯಾಸ ಅಂಟಿದ್ದು ಆ ದಿನಗಳಲ್ಲೇ.

ಕೊನೆಗೆ ವಿರಾಜಪೇಟೆಯ ಕೋರ್ಟಿನಲ್ಲಿ ನನ್ನ ಸಾಕ್ಷಿ ಬಂತು. ಮೇಜಿನ ಮೇಲೆ ಗೋಣಿ ಬಿಚ್ಚಿದರು. ಮೇಸ್ತ್ರಿಯ ವಕೀಲ ಎರಡು ಬೆರಳಲ್ಲಿ ಜೋಡು ಎತ್ತಿ ಹಿಡಿದು, "ಇದು ಮನುಷ್ಯರು ಹಾಕುವ ಜೋಡೇ ಅಲ್ಲ ಸ್ವಾಮಿ. ಕೇಸಿಗಾಗಿ ಹೊಲಿಸಿದ್ದು. ಗಾರ್ಡು ಹಾಕಿ ನಡೆದು ತೋರಿಸಲಿ," ಅಂದ.

ಬೂಟು ಬಿಚ್ಚಿ ಕಟಕಟೆಯ ಪಕ್ಕ ಇಟ್ಟು ಜೋಡಿಗೆ ಕಾಲು ತೂರಿಸಿದೆ. ಕಂಬಳಿಯ ಕುಳಿ ಅಲ್ಲೇ ಇತ್ತು, ಸರಿಯಾಗಿ ಅಲ್ಲೇ. ಕಣ್ಣು ಮುಚ್ಚಿಕೊಂಡೆ. ಕಟಕಟೆಯ ಆಚೆಯಿಂದ ಮೇಸ್ತ್ರಿ, ದಿನಾ ಬೆಳಿಗ್ಗೆ ಕೇಳುತ್ತಿದ್ದ ಅದೇ ಧ್ವನಿಯಲ್ಲಿ, "ಕಾಲು ಹೇಗುಂಟು ಗಾರ್ಡ್ರೇ?" ಅಂದ.

ಅವನ ಹಲ್ಲು ಉದುರಿಸಬೇಕು ಅಂತ ಒಂದು ವರ್ಷ ಕಾದಿದ್ದೆ. ಬಾಯಿಂದ ಬಂದದ್ದು, "ಈಗ ಪರವಾಗಿಲ್ಲ."

"ಯಾವ ಕಾಲು? ಏನಾಗಿದೆ ಕಾಲಿಗೆ?" ಅಂತ ರೇಂಜರು ಬೆಂಚಿನಿಂದ ಎದ್ದ.

ನಾನು ನಡೆದು ತೋರಿಸಿದೆ. ಬಾಗಿಲವರೆಗೆ, ಬಾಗಿಲಿಂದ ಜಗಲಿಗೆ, ಜಗಲಿಯಿಂದ ಅಂಗಳಕ್ಕೆ. ಒಳಗಿನಿಂದ ಯಾರೋ ಕೂಗುತ್ತಿದ್ದರು. ನಿಲ್ಲಲಿಲ್ಲ. ಕೋರ್ಟಿನ ಪೇದೆಗೆ ನನ್ನನ್ನು ಹುಡುಕುವ ಕಷ್ಟವೂ ಆಗಲಿಲ್ಲ, ಕೆಸರಿನಲ್ಲಿ ಟೈರಿನ ಗೀಟು ಹಿಡಿದು ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ಬಂದ. ಜೋಡು ವಾಪಸು ಕೊಡಬೇಕಂತೆ ಅಂದ.

"ಅಲ್ಲಿ ಬೂಟು ಬಿಟ್ಟು ಬಂದಿದ್ದೇನೆ. ಸರ್ಕಾರದ್ದೇ," ಅಂದೆ. "ಅದಕ್ಕೆ ಚೀಟಿ ಕಟ್ಟಿಕೊಳ್ಳಲಿ." ಚೀಟಿಯನ್ನು ದಾರದ ಸಮೇತ ಕಿತ್ತು ಅವನ ಕೈಗೆ ಕೊಟ್ಟು ಬಸ್ಸು ಹತ್ತಿದೆ.

ಮೂರನೇ ದಿನ ರೇಂಜರ ಮೆಮೋ ಬಂತು. ಕೋರ್ಟಿನ ಸ್ವತ್ತು ಎತ್ತಿಕೊಂಡು ಹೋದದ್ದು ಯಾಕೆ, ಲಿಖಿತ ಉತ್ತರ ಕೊಡತಕ್ಕದ್ದು. ಆಮೇಲೆ ಬೋರ್ಡಿನ ಮುಂದೆ ನಿಲ್ಲಿಸಿದ್ದು, ಕಾಡಿಗೆ ಅನ್‌ಫಿಟ್ ಅಂತ ಬರೆದದ್ದು, ಮರದ ಡಿಪೋ ಗೇಟಿನಲ್ಲಿ ಸ್ಟೂಲು ಹಾಕಿ ಕೂರಿಸಿದ್ದು ಎಲ್ಲ ನಡೆಯಿತು. ಹಾಗಾಗುತ್ತದೆಂದು ಉತ್ತರ ಬರೆಯಲು ಕೂತಾಗಲೇ ನನಗೆ ಗೊತ್ತಿತ್ತು. ಹೆಂಡತಿ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ಎರಡು ವರ್ಷ ನುಂಗಿಕೊಂಡದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದೆ: ನನ್ನ ಕಾಲು ಉರಿಯುತ್ತದೆ. ಈ ಜೋಡಿನಲ್ಲಿ ಉರಿಯುವುದಿಲ್ಲ. ವಾಪಸು ಕೊಡುವುದಿಲ್ಲ.

ಸಹಿ ಹಾಕಿ, ಅದೇ ಜೋಡು ಹಾಕಿಕೊಂಡು ರೇಂಜ್ ಆಫೀಸಿಗೆ ಕೊಡಲು ಹೊರಟೆ. ಒಣಗಿದ ದಾರಿ ಪಕ್ಕದಲ್ಲೇ ಇತ್ತು. ನಾನು ಕೆಸರಿನಲ್ಲೇ ನಡೆದೆ.