ಅರಿಸಿನ ಬೆರೆಸಿದ ಬಿಂದಿಗೆ

ತೊಂಬತ್ತರ ದಶಕದ ನಡುವಿನ ಮಾತು. ಬಿಎಸ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಸೋದರಮಾವ ಪಾಂಡವಪುರದ ತನ್ನ ಶೆಡ್ಡಿಗೆ ಕೆಲಸಕ್ಕೆ ಕರೆದುಕೊಂಡ. ಒಡೆದ ಬಕೆಟ್ಟು, ಬಿಂದಿಗೆಗಳನ್ನು ತಂದು, ತೊಳೆದು, ಪುಡಿ ಮಾಡಿ, ಕರಗಿಸಿ ಹೊಸ ಬಿಂದಿಗೆ ಮಾಡುವುದು ಅವನ ಕಸುಬು. ಆದರೆ ಅದೇ ಪ್ಲಾಸ್ಟಿಕ್ಕನ್ನು ಎರಡು ಮೂರು ಸಲ ಕರಗಿಸುವಷ್ಟರಲ್ಲಿ ಅದು ಹಪ್ಪಳದಂತೆ ಮುರಿಯುತ್ತಿತ್ತು.

ಒಂದು ದಿನ ಪಾಲಹಳ್ಳಿಯ ಹೆಂಗಸೊಬ್ಬಳು ಬಂದು, ತಳ ಬಿಟ್ಟ ಬಿಂದಿಗೆಯನ್ನು ಮಾವನ ಮೇಜಿನ ಮೇಲೆ ಕುಕ್ಕಿದಳು.

"ಇದೇನು ನೀರ್ ತರಕ್ಕೋ, ಬೀದಿ ತೊಳೆಯಕ್ಕೋ? ಸೀರೆಯೆಲ್ಲ ನೆಂದೋಯ್ತು ಕಣಪ್ಪ!"

ಮಾವ ಪೆಚ್ಚಾದ. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಆಗಲೇ ಕಾಲೇಜಿನ ಪಾಠವೊಂದು ನೆನಪಾದದ್ದು. ಕಾಯಿಸಿದ ಎಣ್ಣೆ ಗಾಳಿ ತಾಗಿ ಕೆಡುವ ಹಾಗೆಯೇ ಪ್ಲಾಸ್ಟಿಕ್ಕೂ ಕೆಡುತ್ತದೆ. ಹಾಗೆ ಕೆಡುವುದನ್ನು ತಡೆಯುವ ಗುಣ ಅರಿಸಿನದಲ್ಲಿದೆ. ಹಾಕಿ ನೋಡಿದರೇನು? ಅತ್ತೆಯ ಅಡುಗೆಮನೆಯ ಡಬ್ಬಿಯನ್ನೇ ಹೊತ್ತು ತಂದೆ.

"ಏನವ್ವ, ಬಿಂದಿಗೆ ಮಾಡ್ತೀಯೋ, ಉಳಿಸಾರ್ ಮಾಡ್ತೀಯೋ?" ಎಂದ ಮಾವ.

ಮೊದಲ ಸಲ ಕೈತುಂಬ ಸುರಿದುಬಿಟ್ಟೆ. ಪುಡಿಯ ತೇವ ಆವಿಯಾಗಿ ಬಿಂದಿಗೆಯ ಮೈಯೆಲ್ಲ ಗುಳ್ಳೆ, ಶೆಡ್ಡಿನ ತುಂಬ ಸೀದ ಒಗ್ಗರಣೆಯ ವಾಸನೆ. ಮಾರನೆಯ ದಿನ ಪುಡಿಯನ್ನು ಬೆಚ್ಚಗಿನ ಹೆಂಚಿನ ಮೇಲೆ ಚೆನ್ನಾಗಿ ಒಣಗಿಸಿ, ಚೂರೇ ಚೂರು ಬೆರೆಸಿ, ಯಂತ್ರದ ಬಿಸಿಯನ್ನೂ ತಗ್ಗಿಸಿದೆ. ಅಚ್ಚಿನಿಂದ ಹಳದಿ ಬಿಂದಿಗೆ ಇಳಿಯಿತು. ಅದನ್ನೇ ಪುಡಿ ಮಾಡಿ ಕರಗಿಸಿದೆವು, ಮತ್ತೆ ಮಾಡಿದೆವು, ಮತ್ತೆ ಕರಗಿಸಿದೆವು. ಅರಿಸಿನ ಹಾಕದ ಬಿಂದಿಗೆ ಮೂರನೆಯ ಸಲಕ್ಕೇ ಎರಡು ಹೋಳಾಯಿತು. ಹಾಕಿದ್ದನ್ನು ಐದನೆಯ ಸಲ ಕರಗಿಸಿ ಮಾಡಿದ ಮೇಲೆ ಮಾವ ಶೆಡ್ಡಿನ ಮೇಲೆ ಹತ್ತಿ ಕೆಳಕ್ಕೆ ಎಸೆದ. ಅದು ಪುಟಿದು, ರಸ್ತೆಗೆ ಉರುಳಿ, ಕಬ್ಬಿನ ಗಾಡಿಯ ಎತ್ತುಗಳನ್ನು ಬೆದರಿಸಿತು; ಒಡೆಯಲಿಲ್ಲ.

"ಏನ್ಲಾ ಅದು, ಬಿಂದಿಗೆನೋ ಚೆಂಡೋ?" ಎಂದು ಗಾಡಿಯವನು ಕೂಗಿದ. ಮಾವ ಮೇಲಿಂದಲೇ ಚಪ್ಪಾಳೆ ಹೊಡೆದ. ಓದಿದ್ದು ಒಂದು ಕೆಲಸಕ್ಕೆ ಬಂತಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು. ಪಾಲಹಳ್ಳಿಯ ಹೆಂಗಸಿಗೆ ಮಾವ ತಾನೇ ಬಸ್ಸು ಹತ್ತಿ ಹೋಗಿ ಒಂದು ಬಿಂದಿಗೆ ಕೊಟ್ಟುಬಂದ.

ಸಂತೆಬಾಚಹಳ್ಳಿಯ ಸಂತೆಯಲ್ಲಿ ಹಳದಿ ಬಿಂದಿಗೆ ಮಧ್ಯಾಹ್ನದೊಳಗೇ ಖಾಲಿಯಾಗುತ್ತಿತ್ತು. ಒಂದೆರಡು ತಿಂಗಳಾದ ಮೇಲೆ ಅಲ್ಲಿ ಒಬ್ಬ ಅಜ್ಜಿ ನನ್ನನ್ನು ತಡೆದಳು.

"ಬಿಸ್ಲಿಗೆ ಬಣ್ಣೆಲ್ಲ ಓಯ್ತಲ್ಲವ್ವ!"

ನಾನು ಗಾಬರಿಯಲ್ಲಿ ಕೇಳಿದೆ, "ಒಡೆದೋಯ್ತಾ ಅಜ್ಜಿ?"

"ಊಹೂಂ, ಎತ್ತಾಕ್ದ್ರೂ ಒಡೀತಿಲ್ಲ ಬುಡು. ನನ್ ಮಗಳೂ ಕೇಳ್ತಾವ್ಳೆ, ಇನ್ನೊಂದ್ ಕೊಡು."